ಹೆಡ್‌ಫೋನಿನ ಕೆಳಗೆ

ಕನಜಾವಾದ ಹಿಂಬೀದಿ. ಹಾವುಮೀನು ಸುಡುವವನ ಪಕ್ಕಕ್ಕೆ
ನನ್ನ ಹಳೇ ರೆಕಾರ್ಡಿನಂಗಡಿ.
ಜರ್ಮನ್ನರು, ಇಂಗ್ಲಿಷರು, ಎಲ್ಲ ದಾಟಿದ ಮೇಲೆ
ಬುದ್ಧರಿಗೆಂದೇ ಒಂದು ಪೆಟ್ಟಿಗೆ:
ನೀಲಿ ಬುದ್ಧ, ಮೇಣದಂತೆ ಕರಗುವ ಬುದ್ಧ,
ಕಪ್ಪು ಕನ್ನಡಕದ ಬುದ್ಧ,
ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡವನು,
ಹೊಟ್ಟೆ ಬಿಟ್ಟುಕೊಂಡು ನಗುವವನು
(ಅವನು ಬುದ್ಧನೇ ಅಲ್ಲ, ಹೇಳಿದರೆ ಯಾರು ಕೇಳುತ್ತಾರೆ).
ಧೂಳು ಒರೆಸುವಾಗ ‘ಕ್ಷಮಿಸಪ್ಪ’ ಅನ್ನುತ್ತೇನೆ.
ಬೆಲೆಚೀಟಿ ಹಣೆಗೆ ಅಂಟಿಸುವುದಿಲ್ಲ.
ಅಷ್ಟೇ ನನ್ನ ಭಕ್ತಿ.

ಮಾರ್ಚಿನ ಒಂದು ಮಂಗಳವಾರ
ಒದ್ದೆ ಕೊಡೆ ಹೊರಗಿಟ್ಟು ಬಂದಳು ಭಿಕ್ಷುಣಿ ಚಿಸೇಯಿ,
ಎಂಬತ್ತರ ಹತ್ತಿರ, ರಬ್ಬರ್ ಬೂಟಿನ ತುಂಬ ಕೆಸರು.
ಹಿಂದೆ ಕಲ್ಲುಕುಟಿಗ ಕುರಾಮೋಚಿ,
ಅಂಗಿಜೇಬಿನಲ್ಲಿ ಕೈವಾರ.
“ನಮ್ಮ ಬುದ್ಧ ಇಲ್ಲಿದ್ದಾನಂತೆ” ಅಂದಳು,
ಜಾತ್ರೆಯಲ್ಲಿ ತಪ್ಪಿಸಿಕೊಂಡ ಹುಡುಗನನ್ನು
ಪೊಲೀಸು ಚೌಕಿಯಲ್ಲಿ ಕೇಳುವ ಹಾಗೆ.

ಉತ್ತರದ ಕಡಲಂಚಿನ ಊರು ಅವರದು.
ನೆಲ ನಡುಗಿದ ದಿನ ಗುಡ್ಡ ಜಾರಿ
ಕಲ್ಲಿನ ಬುದ್ಧ ಮುಖ ಕೆಳಗಾಗಿ ಬಿದ್ದ.
ನಲವತ್ತೊಂದು ಚೂರು ಸಿಕ್ಕವು, ಉಳಿದವು ಕಡಲಿಗೆ.
ಫೋಟೋ ಇಲ್ಲ. ಕ್ಯಾಮೆರಾ ಕಂಡರೆ
ಹಿಂದಿನ ಗುರುಗಳು ಪೊರಕೆ ಎತ್ತುತ್ತಿದ್ದರು.
ಎಪ್ಪತ್ತಮೂರರಲ್ಲಿ ಮಾತ್ರ, ಅವರು ನಿದ್ದೆಯಲ್ಲಿದ್ದ ಮಧ್ಯಾಹ್ನ,
ಉದ್ದ ಕೂದಲಿನ ಪರದೇಶಿಯೊಬ್ಬ ಬಂದಿದ್ದ.
“ಹಸಿದಿದ್ದ. ಅನ್ನದುಂಡೆ ಕೊಟ್ಟೆ.
ಬೇಡ ಅನ್ನುವುದು ಮರೆತೆ.”
ಕವರು ಊರಿಗೆ ಬಂದಾಗ ಗುರುಗಳು
ಒಂದು ತಿಂಗಳು ಅವಳನ್ನು ಮಾತಾಡಿಸಲಿಲ್ಲ.

ತೆಗೆದುಕೊಟ್ಟೆ.
ಅರೆಮುಚ್ಚಿದ ಕಣ್ಣು. ಉಪ್ಪುಗಾಳಿ ತಿಂದ ಮೂಗಿನ ತುದಿ.
ಎಡಗೆನ್ನೆಯಲ್ಲಿ ಅಂಗೈಯಗಲ ಪಾಚಿ.
ಎರಡೂ ಕಿವಿಗಳ ಮೇಲೆ ಮಾತ್ರ
ಯಾವನೋ ಚಿತ್ರಗಾರ ಬಳಿದ ಕಿತ್ತಳೆ ಹೆಡ್‌ಫೋನು,
ಅದರ ತಂತಿ ಹಿಂಬದಿಗೆ ಹರಿದು
ಒಂದು ತಾವರೆಯ ನಡುವಿಗೆ ಸಿಕ್ಕಿಕೊಂಡಿದೆ.

ಕುರಾಮೋಚಿ ಅಳೆದ. ಕಣ್ಣಿಂದ ಕಣ್ಣಿಗೆ,
ಮೂಗಿಂದ ತುಟಿಗೆ; ಬೀಡಿಯಷ್ಟು ಗಿಡ್ಡ ಪೆನ್ಸಿಲಿನಲ್ಲಿ
ಗುಣಿಸಿ ಬರೆದ. ಆಮೇಲೆ ನಿಂತ.
“ಕಿವಿ?”

ಅಂಗಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ.
ಬಲಗಿವಿಗೇ ಅಲ್ಲವೇ ಮಕ್ಕಳು ಸ್ಟೂಲು ಹತ್ತಿ
ಪಿಸುಗುಟ್ಟುತ್ತಿದ್ದದ್ದು: ಕದ್ದ ಪರ್ಸಿಮನ್, ಒದ್ದೆಯಾದ ಹಾಸಿಗೆ,
ಕಡಲಿಗೆ ಹೋದ ಅಪ್ಪ.
ತುಟಿ ತಾಗಿ ತಾಗಿ ನುಣುಪಾಗಿತ್ತಂತೆ ಆ ಕಲ್ಲು.

ಚಿಸೇಯಿ ಕಣ್ಣು ಮುಚ್ಚಿದಳು.
ಐವತ್ತು ವರ್ಷ ದಿನಾ ಬೆಳಗ್ಗೆ ತೊಳೆದ ಕೈ ಎತ್ತಿ
ಗಾಳಿಯಲ್ಲಿ ಮೇಲಿನ ಮಡಿಕೆ ಹಿಡಿದಳು,
ಹೆಬ್ಬೆರಳಲ್ಲಿ ಒಳಗಿನ ಗುಳಿ ಒರೆಸಿದಳು,
ಕೆಳಗಿಳಿದಳು, ಇಳಿದಳು, ಹಾಲೆಯ ತುದಿಯಲ್ಲಿ
ಎರಡು ಬೆರಳು ಕೂಡಿಸಿ
ಒಂದು ಹನಿ ನೀರು ಕೊಡವಿದಳು.
ಕುರಾಮೋಚಿ ಕೈವಾರ ಬಿಚ್ಚಿ
ಆ ಖಾಲಿ ಜಾಗವನ್ನು ಅಳೆದ.

ಹೋಗುವ ಮುಂಚೆ ಹಾಡು ಕೇಳುತ್ತೀರಾ ಅಂದೆ.
ಇಪ್ಪತ್ತೆರಡು ನಿಮಿಷ ಒಂದೇ ಸ್ವರ,
ನಡುವೆ ಯಾರೋ ಮಂತ್ರವನ್ನು ತಪ್ಪಾಗಿ ಉಗ್ಗುತ್ತಾನೆ.
ಕೈ ಕಟ್ಟಿ ಪೂರ್ತಿ ಕೇಳಿ ಅಂದಳು:
“ಪಾಪ, ಇಷ್ಟು ವರ್ಷ ಅವನಿಗೆ ಇದನ್ನೇ ಕೇಳಿಸಿದರೋ?”
ದುಡ್ಡು ಬೇಡವೆಂದರೆ ಕೇಳದೆ
ಸಾವಿರದ ನೋಟೆರಡು ಮೇಜಿನ ಮೇಲಿಟ್ಟು
ಕವರು ಮಾತ್ರ ಒಯ್ದಳು.
ತಟ್ಟೆ ಬತ್ತಲೆಯಾಗಿ ನನ್ನಲ್ಲೇ ಉಳಿಯಿತು.

ಚಳಿಗಾಲಕ್ಕೆ ಒಂದು ಸುರುಳಿ ಬಂತು ಅಂಚೆಯಲ್ಲಿ.
ಫೋಟೋ ಅಲ್ಲ; ಗುರುಗಳ ಕಟ್ಟಳೆ ಇನ್ನೂ ಇದೆ.
ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ತೆಗೆದ
ಒಂದು ಕಿವಿಯ ಅಚ್ಚು.
ಕೆಳಗೆ ಅವಳ ಅಕ್ಷರ:
‘ಕುರಾಮೋಚಿ ಲೆಕ್ಕ ತಪ್ಪಿ ಎಡಗಿವಿ ಸ್ವಲ್ಪ ದೊಡ್ಡದಾಯಿತು.
ಇರಲಿ ಅಂದೆ. ಈಗ ಹೇಳಿಕೊಳ್ಳುವವರೂ ಜಾಸ್ತಿ.’

ತಟ್ಟೆಯನ್ನು ಅದರಲ್ಲೇ ಸುತ್ತಿಟ್ಟಿದ್ದೇನೆ.
ಯಾವ ಬ್ಯಾಂಡು ಎಂದು ಗಿರಾಕಿಗಳು ಕೇಳುತ್ತಾರೆ.
ಪಕ್ಕದಿಂದ ಮೀನಿನ ಹೊಗೆ ಬರುತ್ತದೆ.
ಬೆಲೆ ಇನ್ನೂ ಬರೆದಿಲ್ಲ.